ಆಟ ಹೊರಬಂದರೂ ಒಳಗೇ ಉಳಿದದ್ದು

ಪುಟ್ಟ ಪಜಲ್ ಗೇಮ್‌ಗಳ ಫೈಲ್ ಬಿಚ್ಚಿದಾಗ ಯಾರೂ ಆಡದ ಲೆವೆಲ್, ಎಲ್ಲೂ ಕೇಳಿಸದ ಸದ್ದು, ಆಟ ಮಾಡುವವರು ಪರೀಕ್ಷೆಗೆ ಬಳಸುವ ಡಿಬಗ್ ಮೆನು ಸಿಗುವುದು ಹೊಸದೇನಲ್ಲ. ಸಿಕ್ಕ ಕೂಡಲೇ ವಾದ ಶುರುವಾಗುತ್ತದೆ. ಇದು ಮೋಸಕ್ಕೆ ಬಿಟ್ಟ ಕಳ್ಳದಾರಿ ಎನ್ನುವವರು ಒಂದು ಕಡೆ, ಬರೀ ಸೋಮಾರಿತನ ಎನ್ನುವವರು ಇನ್ನೊಂದು ಕಡೆ. ಎರಡೂ ಪೂರ್ತಿ ಸರಿಯಲ್ಲ.

ಮೂಲ ಕಾರಣ ಸರಳ. ಕೊನೆಯ ಹಂತ ಸರಿಯಿದೆಯಾ ಎಂದು ನೋಡಲು ಪ್ರತಿ ಸಲ ಮೊದಲಿಂದ ಆಡುತ್ತಾ ಕೂರುವುದಕ್ಕೆ ಆಗಲ್ಲ, ಅಲ್ವಾ? 1986ರಲ್ಲಿ ಗ್ರೇಡಿಯಸ್ ಆಟವನ್ನು ನಿಂಟೆಂಡೊ ಯಂತ್ರಕ್ಕೆ ತರುತ್ತಿದ್ದ ಕಝುಹಿಸಾ ಹಶಿಮೊಟೊ ಪರೀಕ್ಷೆಗೆಂದು, ಒತ್ತಿದರೆ ಆಟ ಸುಲಭವಾಗುವಂಥ ಬಟನ್‌ಗಳ ಒಂದು ಸರಣಿ ಸೇರಿಸಿಕೊಂಡರು. ಅದು ಹಾಗೇ ಉಳಿಯಿತು. ಇಂದಿಗೂ ಅದು ಆ ಆಟದ ಕಂಪನಿಯ ಹೆಸರಲ್ಲಿ ಕೊನಾಮಿ ಕೋಡ್ ಎಂದೇ ಪ್ರಸಿದ್ಧ.

ಆದರೆ ಈ ಕಥೆಯ ಸೊಗಸಾದ ಭಾಗ ಇರುವುದು ವಿಂಡೋಸ್‌ನ ಹಳೆಯ ಆಟಗಳಲ್ಲಿ. ಬಾಂಬ್ ಅಡಗಿದ ಮನೆಗಳನ್ನು ತಪ್ಪಿಸುವ ಮೈನ್‌ಸ್ವೀಪರ್ ಆಡುವಾಗ ಎಕ್ಸ್, ವೈ, ಝೆಡ್, ಝೆಡ್, ವೈ ಎಂದು ಟೈಪ್ ಮಾಡಿ ಶಿಫ್ಟ್ ಮತ್ತು ಎಂಟರ್ ಒತ್ತಿದರೆ, ಪರದೆಯ ಮೇಲ್ತುದಿಯಲ್ಲಿ ಎಡಗಡೆ ಒಂದೇ ಒಂದು ಚುಕ್ಕೆ ಮೂಡುತ್ತಿತ್ತು. ಮೌಸ್ ಇರುವ ಮನೆಯಲ್ಲಿ ಬಾಂಬ್ ಇದ್ದರೆ ಕಪ್ಪು, ಇಲ್ಲದಿದ್ದರೆ ಬಿಳಿ. ಆಟದ ಕಿಟಕಿಯಲ್ಲಿ ಒಂದು ಗೆರೆಯೂ ಬದಲಾಗುತ್ತಿರಲಿಲ್ಲ, ಎಷ್ಟು ಚೊಕ್ಕ ಕೆಲಸ! ಫ್ರೀಸೆಲ್ ಎಂಬ ಇಸ್ಪೀಟು ಆಟದಲ್ಲಿ ಕಂಟ್ರೋಲ್, ಶಿಫ್ಟ್, ಎಫ್ 10 ಒಟ್ಟಿಗೆ ಒತ್ತಿದರೆ ಮೂರು ಗುಂಡಿಗಳ ಒಂದು ಪೆಟ್ಟಿಗೆ ಬರುತ್ತಿತ್ತು. ಅಬಾರ್ಟ್ ಎಂದರೆ ಗೆಲುವು, ರೀಟ್ರೈ ಎಂದರೆ ಸೋಲು, ಇಗ್ನೋರ್ ಎಂದರೆ ಆಟ ಹಾಗೇ ಮುಂದುವರಿಯುತ್ತದೆ. ಅದರ ನಂಬರ್ ಹಾಕಿದ 32,000 ಆಟಗಳಲ್ಲಿ ಗೆಲ್ಲಲಾಗದ್ದು 11982ನೇ ನಂಬರಿನದೊಂದು ಮಾತ್ರ. ಅದಲ್ಲದೆ ಮೈನಸ್ 1, ಮೈನಸ್ 2 ಎಂಬ ಎರಡು ಆಟಗಳು ಬೇಕೆಂದೇ ಗೆಲ್ಲಲಾಗದಂತೆ ಜೋಡಿಸಿದವು. ಸಾಲಿಟೇರ್ ಬರೆದ ವೆಸ್ ಚೆರಿ, ಬಾಸ್ ಬಂದರೆ ಒತ್ತಲು ನಕಲಿ ಸ್ಪ್ರೆಡ್‌ಶೀಟ್ ತೋರಿಸುವ ಒಂದು ಕೀ ಕೂಡ ಹಾಕಿದ್ದರು. ಬಿಡುಗಡೆಗೆ ಮುಂಚೆಯೇ ಮೈಕ್ರೋಸಾಫ್ಟ್ ಅದನ್ನು ತೆಗೆಸಿತು.

2005ರಲ್ಲಿ ಗಾಳಿ ಬದಲಾಯಿತು. ಗ್ರ್ಯಾಂಡ್ ಥೆಫ್ಟ್ ಆಟೋ ಸ್ಯಾನ್ ಆಂಡ್ರಿಯಾಸ್‌ನಲ್ಲಿ ಬಳಸದೆ ಬಿಟ್ಟಿದ್ದ ಒಂದು ಲೈಂಗಿಕ ದೃಶ್ಯದ ಭಾಗವನ್ನು ಹೊರಗಿನವರು ತೆರೆದರು, ಅಮೆರಿಕದಲ್ಲಿ ಆ ಆಟದ ರೇಟಿಂಗೇ ವಯಸ್ಕರಿಗೆ ಮಾತ್ರ ಎಂದಾಯಿತು. ಕಣ್ಣಿಗೆ ಕಾಣದ್ದಕ್ಕೂ ಉತ್ತರ ಹೇಳಬೇಕು ಎಂದು ಆಗ ಎಲ್ಲರಿಗೂ ಗೊತ್ತಾಯಿತು.

ಹಾಗಂತ ಗುಡಿಸಿ ಸ್ವಚ್ಛ ಮಾಡುವುದು ಸುಲಭವಲ್ಲ. ಡಿಬಗ್ ಮೆನುವನ್ನು ಬಿಡುಗಡೆಯ ಪ್ರತಿಗೆ ಸೇರದಂತೆ ತಡೆಯಬಹುದು. ಹಳೆಯ ಚಿತ್ರ, ಲೆವೆಲ್‌ಗಳ ವಿಷಯ ಬೇರೆ: ಯಾವ ಮೂಲೆಯ ಕೋಡ್ ಅದನ್ನು ಹುಡುಕುತ್ತದೋ ಖಾತ್ರಿಯಿಲ್ಲದೆ ಅಳಿಸಿದರೆ ಚೆನ್ನಾಗಿ ಓಡುತ್ತಿದ್ದ ಆಟವೇ ನಿಂತುಬಿಡಬಹುದು, ಅದಕ್ಕೇ ಸುಮ್ನೆ ಬಿಡುತ್ತಾರೆ. ಅದನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ನಿಂಟೆಂಡೊದ 1989ರ ಟೆಟ್ರಿಸ್‌ನಲ್ಲಿ ಇಬ್ಬರು ಆಡುವ ಅರ್ಧಂಬರ್ಧ ಕೋಡ್ ಇದೆ. ಅದು ಕಾರ್ಟ್ರಿಡ್ಜ್‌ನಲ್ಲಿ ಉಳಿದಿದ್ದರಿಂದಲೇ ಆ ಯೋಚನೆ ಇತ್ತು ಎಂದು ನಮಗೆ ತಿಳಿಯಿತು. ಈಗಿನ ಫೋನ್ ಆಟಗಳಲ್ಲಿ ಒಂದು ಅಪ್‌ಡೇಟ್ ಬಂದರೆ ಹಿಂದಿನ ಪ್ರತಿಯೇ ಫೋನಿನಿಂದ ಹೋಗುತ್ತದೆ. ಲೆವೆಲ್‌ಗಳೂ ಸರ್ವರ್‌ನಿಂದ ಬರುವುದು ಜಾಸ್ತಿಯಾಗಿದೆ. ಅಲ್ಲಿ ಬಿಟ್ಟುಹೋದದ್ದನ್ನು ಬಿಚ್ಚಿ ನೋಡಲು ನಮ್ಮ ಕೈಯಲ್ಲಿ ಫೈಲೇ ಇರುವುದಿಲ್ಲ.