ಕಡಲ್ಗಳ್ಳರ ಕಾಲದ ಹಾಯಿಹಡಗುಗಳು: ಗುರುತಿಸುವುದು ಹೇಗೆ?

ಸುಮಾರು 1650ರಿಂದ 1730ರವರೆಗಿನ ಹಡಗುಗಳ ಪಟ್ಟಿಯನ್ನು ಬಾಯಿಪಾಠ ಮಾಡಲು ಕೂತರೆ ತಲೆ ಗೊಂದಲವಾಗುತ್ತದೆ. ಮೂರು ಪ್ರಶ್ನೆ ಕೇಳಿಕೊಳ್ಳಿ: ಹಾಯಿಕಂಬಗಳು ಎಷ್ಟು? ಹಾಯಿಗಳು ಹಡಗಿಗೆ ಅಡ್ಡಲಾಗಿವೆಯೋ, ಉದ್ದಕ್ಕೂ ಇವೆಯೋ? ಒಡಲು ನೀರಿನೊಳಗೆ ಎಷ್ಟು ಆಳ ಮುಳುಗುತ್ತದೆ? ನನ್ನ ದೃಷ್ಟಿಯಲ್ಲಿ ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ಪಠ್ಯಗಳು ಫಿರಂಗಿಗಳನ್ನು ಎಣಿಸುವುದರಲ್ಲೇ ಅದನ್ನು ಮರೆತುಬಿಡುತ್ತವೆ.

ಅಡ್ಡಹಾಯಿ ಹಿಂದಿನಿಂದ ಬೀಸುವ ಗಾಳಿಯನ್ನು ಚೆನ್ನಾಗಿ ಹಿಡಿಯುತ್ತದೆ, ಸಾಗರ ದಾಟಲು ಅದು ಬೇಕು. ಉದ್ದಹಾಯಿಯಿದ್ದರೆ ಎದುರುಗಾಳಿಗೆ ಓರೆಯಾಗಿ ಹೆಚ್ಚು ಹತ್ತಿರದಲ್ಲಿ ಸಾಗಬಹುದು. ದ್ವೀಪಗಳ ನಡುವೆ ಅಡಗುವವರಿಗೆ, ಅಟ್ಟಿಸಿಕೊಂಡು ಹೋಗುವವರಿಗೆ ಇದು ವರ.

ಸ್ಲೂಪ್ ಒಂದೇ ಕಂಬದ, ಉದ್ದಹಾಯಿಯ, ನೀರಿನಲ್ಲಿ ಹೆಚ್ಚು ಆಳ ಮುಳುಗದ ಸಣ್ಣ ಹಡಗು. ಕೆರಿಬಿಯನ್ ಕಡಲ್ಗಳ್ಳರ ಅಚ್ಚುಮೆಚ್ಚಿನದು. ಬೆಚ್ಚಗಿನ ನೀರಿನಲ್ಲಿ ಹಡಗುಹುಳು ಮರವನ್ನು ಕೊರೆಯುತ್ತದೆ, ತಳಕ್ಕೆ ಪಾಚಿ, ಚಿಪ್ಪು ಅಂಟಿ ವೇಗ ಕುಗ್ಗುತ್ತದೆ. ಕಳ್ಳರಿಗೆ ಬಂದರಿನ ದುರಸ್ತಿಕಟ್ಟೆ ಸಿಗುವುದಿಲ್ಲ. ನಿರ್ಜನ ತೀರದಲ್ಲಿ ಹಡಗನ್ನು ಮಗ್ಗುಲಾಗಿಸಿ ತಳ ಕೆರೆಯಬೇಕು. ಸ್ಲೂಪ್ ಆದರೆ ಈ ಕೆಲಸ ಬೇಗ ಮುಗಿಯುತ್ತದೆ. ದೊಡ್ಡ ಹಡಗಾದರೆ ಫಿರಂಗಿಗಳನ್ನೆಲ್ಲ ಇಳಿಸಬೇಕು, ಆ ಹೊತ್ತಿನಲ್ಲಿ ನೌಕಾಪಡೆ ಬಂದರೆ ಕಥೆ ಮುಗಿಯಿತು.

ಬ್ರಿಗಂಟೈನಿಗೆ ಎರಡು ಕಂಬ. ಮುಂದಿನದಕ್ಕೆ ಅಡ್ಡಹಾಯಿಗಳು, ಹಿಂದಿನದರ ಮುಖ್ಯ ಹಾಯಿ ಉದ್ದಕ್ಕೆ. ಎರಡೂ ಕಂಬಗಳಿಗೆ ಉದ್ದಹಾಯಿ ಕಟ್ಟುವ ಸ್ಕೂನರ್ ಆಗಿನ್ನೂ ಹೊಸದು, ಅದರ ಮೆರೆದಾಟ ಮುಂದಿನ ಕಾಲದ್ದು.

ಮೂರು ಕಂಬಗಳಿಗೂ ಅಡ್ಡಹಾಯಿಗಳಿದ್ದ ದೊಡ್ಡ ಹಡಗಿಗೆ ಕುಖ್ಯಾತ ಕಡಲ್ಗಳ್ಳ ಬ್ಲ್ಯಾಕ್‌ಬಿಯರ್ಡ್‌ನ 'ಕ್ವೀನ್ ಆನ್ಸ್ ರಿವೆಂಜ್' ಉದಾಹರಣೆ. ಅದು ಗುಲಾಮರನ್ನು ಸಾಗಿಸುತ್ತಿದ್ದ ಫ್ರೆಂಚ್ ಹಡಗು, 1717ರಲ್ಲಿ ಅವನ ಕೈಸೇರಿತು. 1718ರ ಜೂನ್‌ನಲ್ಲಿ ಉತ್ತರ ಕೆರೊಲಿನಾದ ಬೋಫರ್ಟ್ ಬಳಿ ಮರಳುದಿಬ್ಬಕ್ಕೆ ಸಿಕ್ಕಿ ನಾಶವಾಯಿತು. ಆಮೇಲೆ ಅವನು ನೆಚ್ಚಿಕೊಂಡದ್ದು ಸ್ಲೂಪನ್ನೇ.

ಅವನ ಕೊನೆಯ ಕಾಳಗವನ್ನಂತೂ ಬಿಡಿಬಿಡಿಯಾಗಿ ಓದಬೇಕು. ವರ್ಜೀನಿಯಾದಲ್ಲಿದ್ದ ಬ್ರಿಟಿಷ್ ನೌಕಾಪಡೆಯ 'ಪರ್ಲ್', 'ಲೈಮ್' ಹಡಗುಗಳು ಅವನಿದ್ದ, ಉತ್ತರ ಕೆರೊಲಿನಾದ ಓಕ್ರಕೋಕ್‌ನ ಆಳವಿಲ್ಲದ ನೀರಿಗೆ ಹೋಗುವಂತಿರಲಿಲ್ಲ. ಹಾಗಾಗಿ ಲೆಫ್ಟಿನೆಂಟ್ ಮೇನಾರ್ಡ್ ಬಾಡಿಗೆಯ ಎರಡು ಸ್ಲೂಪ್‌ಗಳಲ್ಲಿ ಹೊರಟ. ಅವುಗಳಲ್ಲಿ ಫಿರಂಗಿಯೇ ಇರಲಿಲ್ಲ! ಅವೂ ಮರಳಿಗೆ ಕಚ್ಚಿಕೊಂಡಾಗ ತಳದ ಭಾರವನ್ನು ಕಡಲಿಗೆ ಎಸೆದು ಮೇಲೆದ್ದವು. ಫಿರಂಗಿ ಏಟು ಬಿದ್ದ ಮೇಲೆ ಮೇನಾರ್ಡ್ ತನ್ನವರನ್ನು ಹಡಗಿನ ಅಟ್ಟದ (ಡೆಕ್) ಕೆಳಗೆ ಬಚ್ಚಿಟ್ಟ. ಎಲ್ಲರೂ ಸತ್ತರೆಂದು ನಂಬಿ ಹತ್ತಿಬಂದ ಬ್ಲ್ಯಾಕ್‌ಬಿಯರ್ಡ್ ಅಲ್ಲೇ ಹತನಾದ. ಅದು 1718ರ ನವೆಂಬರ್ 22.

ಕೊನೆಯದು, ಹಾಯಿಯ ಜೊತೆಗೆ ಹುಟ್ಟುಗಳೂ ಇದ್ದ ಗ್ಯಾಲಿ. ಗಾಳಿ ನಿಂತರೂ ಇದು ನಿಲ್ಲದು. ಕಡಲ್ಗಳ್ಳ ವಿಲಿಯಂ ಕಿಡ್‌ನ 34 ಫಿರಂಗಿಗಳ 'ಅಡ್ವೆಂಚರ್ ಗ್ಯಾಲಿ' 1697ರ ಸೆಪ್ಟೆಂಬರ್‌ನಲ್ಲಿ ನಮ್ಮ ಕಾರವಾರಕ್ಕೇ ಬಂದಿತ್ತು. ಅಲ್ಲಿ ಇಂಗ್ಲಿಷರ ವ್ಯಾಪಾರ ಕೋಠಿಯಿತ್ತು, ಅವನ ಕೆಲವು ನಾವಿಕರು ಅಲ್ಲೇ ಅವನನ್ನು ಬಿಟ್ಟುಹೋದರು. ಮುಂದಿನ ವರ್ಷ ಆ ಹಡಗಿನ ಒಡಲು ಸೋರತೊಡಗಿ, ಹಗಲಿರುಳು ನೀರು ಹೊರಹಾಕಿದರೂ ಉಳಿಯದೆ, ಮಡಗಾಸ್ಕರ್ ಬಳಿಯ ಸೇಂಟ್ ಮೇರಿ ದ್ವೀಪದಲ್ಲಿ ಅದನ್ನು ಕೈಬಿಡಬೇಕಾಯಿತು. ತಾನು ಸೆರೆಹಿಡಿದಿದ್ದ ದೊಡ್ಡ ವ್ಯಾಪಾರಿ ಹಡಗು 'ಕ್ವೆಡಾ ಮರ್ಚಂಟ್' ಏರಿ ಕಿಡ್ ಕೆರಿಬಿಯನ್ ತಲುಪಿದ. ಆದರೆ ಅಮೆರಿಕದ ತೀರಕ್ಕೆ ಹೋಗಲು ಅದನ್ನೂ ಬಿಟ್ಟು ಒಂದು ಸ್ಲೂಪ್ ಕೊಂಡ.