ಗೇರ್ ಕವರ್: ಆರ್‌ಸಿ ಕಾರಿನ ಹಲ್ಲುಗಳಿಗೆ ಕಲ್ಲು ಸಿಗದಂತೆ ಕಾಯುವ ಮುಚ್ಚಳ

ಆರ್‌ಸಿ (ರಿಮೋಟಿನಿಂದ ಓಡಿಸುವ) ಕಾರಿನಲ್ಲಿ ಮೋಟಾರಿನ ಶಕ್ತಿಯನ್ನು ಚಕ್ರದವರೆಗೆ ಸಾಗಿಸುವ ಎಲ್ಲ ಭಾಗಗಳನ್ನೂ ಸೇರಿಸಿ ಡ್ರೈವ್‌ಟ್ರೇನ್ ಅನ್ನುತ್ತಾರೆ. ಅದರ ಮೊದಲ ಮೆಟ್ಟಿಲಲ್ಲೇ ಎರಡು ಗೇರ್ ಇರುತ್ತವೆ. ಮೋಟಾರಿನ ದಂಡಕ್ಕೆ ಕೂರಿಸಿದ ಚಿಕ್ಕ ಗೇರ್ ಪಿನಿಯನ್. ಅದು ತಿರುಗಿಸುವ ದೊಡ್ಡ ಗೇರ್ ಸ್ಪರ್. ಇವೆರಡರ ಹಲ್ಲು ಕೂಡುವ ಜಾಗವನ್ನು ಮುಚ್ಚುವ ಪ್ಲಾಸ್ಟಿಕ್ ಚಿಪ್ಪೇ ಗೇರ್ ಕವರ್. ತೂಕ ಕೆಲವೇ ಗ್ರಾಂ. ಬಿಚ್ಚಲು ಒಂದೆರಡು ಸ್ಕ್ರೂ ತೆಗೆದರೆ ಸಾಕು. ಅದಕ್ಕೇ ಬಹಳ ಜನ ಒಮ್ಮೆ ಬಿಚ್ಚಿದ ಮೇಲೆ ಮತ್ತೆ ಹಾಕುವ ಗೋಜಿಗೆ ಹೋಗುವುದಿಲ್ಲ. ನನ್ನ ಪ್ರಕಾರ ಇಡೀ ಕಾರಿನಲ್ಲಿ ಇಷ್ಟು ಅಗ್ಗವಾಗಿ ಇಷ್ಟು ನಷ್ಟ ತಪ್ಪಿಸುವ ಭಾಗ ಇನ್ನೊಂದಿಲ್ಲ.

ಕಲ್ಲು ಒಳಗೆ ಬರುವುದು ಹೇಗೆ? ಮುಖ್ಯವಾಗಿ ಮುಂದಿನ ಚಕ್ರಗಳಿಂದ. ಟೈರು ನೆಲದಿಂದ ಎತ್ತಿದ ಮರಳು, ಸಣ್ಣ ಜಲ್ಲಿ ಹಿಂದಕ್ಕೆ ಚಿಮ್ಮುತ್ತದೆ. ಬಾಡಿಯ ಒಳಮೈಗೆ ಬಡಿದು ಚಾಸಿಯ (ಕಾರಿನ ತಳದ ಚೌಕಟ್ಟಿನ) ಮೇಲೆ ಬೀಳುತ್ತದೆ. ಚಾಸಿಗೆ ಸುತ್ತ ಎತ್ತರದ ಗೋಡೆ ಇದ್ದರೆ ಬಿದ್ದದ್ದು ಹೊರಗೆ ಹೋಗಲ್ಲ. ಕಾರು ತಿರುಗಿದಾಗ, ಬ್ರೇಕ್ ಹಾಕಿದಾಗ ಒಳಗೇ ಉರುಳಾಡುತ್ತದೆ. ಕೊನೆಗೆ ಯಾವಾಗಲೋ ಒಮ್ಮೆ ಹಲ್ಲಿನ ಬಾಯಿಗೆ ಸಿಗುತ್ತದೆ. ಇನ್ನೊಂದು ದಾರಿ ಕೆಳಗಡೆಯದು. ಕೆಲವು ಚಪ್ಪಟೆ ಚಾಸಿಗಳಲ್ಲಿ ಸ್ಪರ್‌ಗೆ ಜಾಗ ಮಾಡಲು ತಳದಲ್ಲೇ ಕಿಂಡಿ ಕೊರೆದಿರುತ್ತಾರೆ. ಮೇಲೆ ಎಷ್ಟು ಚೆನ್ನಾಗಿ ಮುಚ್ಚಿದರೂ ಆ ಕಿಂಡಿ ತೆರೆದಿದ್ದರೆ ಏನು ಪ್ರಯೋಜನ?

ಸಣ್ಣ ಕಲ್ಲು ಏನು ಮಾಡೀತು ಅನ್ನಿಸಬಹುದು. ಹಲ್ಲಿನ ಅಳತೆ ನೋಡಿ. ಪಿಚ್, ಮಾಡ್ಯೂಲ್ ಅನ್ನುವುದು ಹಲ್ಲಿನ ಗಾತ್ರ ಹೇಳುವ ಅಳತೆಗಳು; ಪಿಚ್ ಸಂಖ್ಯೆ ಹೆಚ್ಚಿದಷ್ಟೂ ಹಲ್ಲು ಚಿಕ್ಕದು. 48 ಪಿಚ್ ಗೇರಿನ ಹಲ್ಲಿನ ಎತ್ತರ ಸುಮಾರು 1.2 ಮಿಲಿಮೀಟರ್. 64 ಪಿಚ್ ಆದರೆ ಸುಮಾರು 0.9. ದೊಡ್ಡ ಕಾರುಗಳ ಮಾಡ್ಯೂಲ್ 1 ಗೇರಿನಲ್ಲಿ ಸುಮಾರು 2.25. ಮರಳು ಅಂತ ಕರೆಯುವ ಕಣವೇ 2 ಮಿಲಿಮೀಟರ್‌ವರೆಗೆ ಇರಬಹುದು. ಅಂದರೆ ದೊಡ್ಡದೊಂದು ಮರಳಿನ ಕಣ ಇಂಥ ಸಣ್ಣ ಹಲ್ಲಿನ ಸಂದನ್ನು ಪೂರ್ತಿ ತುಂಬುತ್ತದೆ. ಅಲ್ಲಿಗೆ ಎದುರಿನ ಹಲ್ಲು ಕೂರಲು ಜಾಗವೇ ಇಲ್ಲ.

ವೇಗವನ್ನೂ ಲೆಕ್ಕ ಹಾಕೋಣ. 3000 ಕೆವಿ ಮೋಟಾರು (ಅಂದರೆ ಒಂದು ವೋಲ್ಟಿಗೆ ನಿಮಿಷಕ್ಕೆ 3000 ಸುತ್ತು), 7.4 ವೋಲ್ಟ್ ಬ್ಯಾಟರಿ. ಭಾರವಿಲ್ಲದೆ ತಿರುಗಿದರೆ ನಿಮಿಷಕ್ಕೆ 22,200 ಸುತ್ತು. ಪಿನಿಯನ್‌ಗೆ 20 ಹಲ್ಲಿದ್ದರೆ ಸೆಕೆಂಡಿಗೆ 7,400 ಸಲ ಹಲ್ಲು ಹಲ್ಲಿಗೆ ಸಿಗುತ್ತದೆ. ಈ ಓಟದ ನಡುವೆ ಕಲ್ಲು ಬಂದರೆ ಏನೋ ಒಂದು ಸೋಲಲೇಬೇಕು. ಪಿನಿಯನ್ ಸಾಮಾನ್ಯವಾಗಿ ಉಕ್ಕಿನದು, ಸ್ಪರ್ ಪ್ಲಾಸ್ಟಿಕ್ಕಿನದು. ಹಾಗಾಗಿ ಮುರಿಯುವುದು ಸ್ಪರ್ ಹಲ್ಲೇ. ಕೆಲವೊಮ್ಮೆ ಹಲ್ಲು ಉಳಿದು ಮೋಟಾರೇ ಪಕ್ಕಕ್ಕೆ ಸರಿಯುತ್ತದೆ. ಆಗ ಎರಡು ಗೇರ್‌ಗಳ ಹಿಡಿತ ಸಡಿಲವಾಗಿ, ಮುಂದಿನ ಜೋರು ಎಳೆತಕ್ಕೆ ಹಲ್ಲುಗಳ ತುದಿ ಸವರಿ ಹೋಗುತ್ತದೆ.

ನುಣ್ಣಗಿನ ಮರಳಿನ ಕೆಲಸ ಬೇರೆ ಥರ. ಅದು ಸದ್ದು ಮಾಡುವುದಿಲ್ಲ. ಮೆತ್ತಗಿರುವ ನೈಲಾನ್ ಹಲ್ಲಿನೊಳಗೆ ಹುದುಗಿ ಕೂರುತ್ತದೆ. ಆಮೇಲೆ ಆ ಹಲ್ಲು ಸ್ಯಾಂಡ್‌ಪೇಪರಿನ ಹಾಗೆ ಪಿನಿಯನ್ನನ್ನು ಉಜ್ಜುತ್ತಾ ಹೋಗುತ್ತದೆ. ಪ್ಲಾಸ್ಟಿಕ್ ಚೆನ್ನಾಗಿಯೇ ಕಾಣುತ್ತದೆ, ಸವೆದು ಚೂಪಾಗಿರುವುದು ಉಕ್ಕು! ಆ ಚೂಪು ಪಿನಿಯನ್ ಬಿಟ್ಟು ಹೊಸ ಸ್ಪರ್ ಮಾತ್ರ ಹಾಕಿದರೆ, ಹೊಸದನ್ನೂ ಅದು ಬೇಗ ತಿಂದು ಹಾಕುತ್ತದೆ.

ಈಗ ಕವರಿನ ವಿಷಯ. ಎಲ್ಲ ಕಡೆ ಬಿಗಿಯಾಗಿ ಮುಚ್ಚಿದ ಕವರು ಅತ್ಯುತ್ತಮ. ಎಷ್ಟೋ ಬಗ್ಗಿ ಕಾರುಗಳಲ್ಲಿ ಇಂಥದ್ದೇ ಇರುತ್ತದೆ. ಅದರಲ್ಲಿ ಒಂದು ರಬ್ಬರ್ ಬಿರಡೆ ಕೂಡ ಇರುತ್ತದೆ. ಕವರು ಬಿಚ್ಚದೆಯೇ ಸ್ಲಿಪ್ಪರ್ ಕ್ಲಚ್ಚಿನ (ಎಳೆತ ತೀರಾ ಜೋರಾದಾಗ ಜಾರಿ ಗೇರನ್ನು ಕಾಯುವ ಭಾಗ) ನಟ್ ತಿರುಗಿಸಲು ಅದು. ಬಿರಡೆ ಕಳೆದುಹೋದರೆ ತಕ್ಷಣ ಬೇರೆಯದು ಹಾಕಿ, ಇಲ್ಲವೇ ಟೇಪ್ ಅಂಟಿಸಿ. ತೊಂದರೆ ಇರುವುದು ಅರೆಬರೆ ಕವರಿನಲ್ಲಿ. ಮೇಲೆ ಮುಚ್ಚಿ ಕೆಳಗೆ ಬಟ್ಟಲಿನಂತೆ ಉಳಿದರೆ, ಒಳಗೆ ಹೋದ ಕಲ್ಲಿಗೆ ಹೊರಬರುವ ದಾರಿ ಇಲ್ಲ. ಅದು ಹಲ್ಲಿಗೆ ಸಿಗುವವರೆಗೂ ಅಲ್ಲೇ ಕುಣಿಯುತ್ತದೆ. ಇಂಥ ಕವರಿಗಿಂತ ಕವರೇ ಇಲ್ಲದಿರುವುದು ವಾಸಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಪೂರ್ತಿ ಮುಚ್ಚಲು ಆಗದಿದ್ದರೆ ಎಲ್ಲಿ ಮುಚ್ಚಬೇಕು? ಎರಡು ಗೇರ್ ತಿರುಗುವಾಗ ಒಂದು ಪಕ್ಕದಲ್ಲಿ ಹಲ್ಲುಗಳು ಹತ್ತಿರ ಬರುತ್ತವೆ, ಇನ್ನೊಂದು ಪಕ್ಕದಲ್ಲಿ ದೂರ ಹೋಗುತ್ತವೆ. ಕಲ್ಲನ್ನು ಒಳಗೆ ಎಳೆದುಕೊಳ್ಳುವುದು ಹತ್ತಿರ ಬರುವ ಪಕ್ಕ. ಕಾರನ್ನು ಕೈಯಲ್ಲಿ ಹಿಡಿದು ಚಕ್ರವನ್ನು ಮುಂದಕ್ಕೆ ಮೆಲ್ಲಗೆ ತಿರುಗಿಸಿ ನೋಡಿ, ಆ ಪಕ್ಕ ಯಾವುದು ಅಂತ ಗೊತ್ತಾಗುತ್ತದೆ. ಮೊದಲು ಅದನ್ನು ಮುಚ್ಚಿ. ಹೊರಹೋಗುವ ಕಿಂಡಿಯನ್ನು ಅಲ್ಲಿಂದ ದೂರ, ಕೆಳಭಾಗದಲ್ಲಿ ಬಿಡಿ. ರಿವರ್ಸ್ ಹೋಗುವಾಗ ಪಕ್ಕ ಬದಲಾಗುತ್ತದೆ ನಿಜ. ಆದರೆ ಕಾರು ಜಾಸ್ತಿ ಓಡುವುದು ಮುಂದಕ್ಕೇ ಅಲ್ವಾ?

ಮನೆಯಲ್ಲೇ ಮಾಡಿಕೊಳ್ಳುವುದೂ ಸುಲಭ. ಹಳೆಯ ಬಾಡಿ ಕತ್ತರಿಸಿ ಉಳಿದ ಪಾಲಿಕಾರ್ಬೊನೇಟ್ ಹಾಳೆ ಇದಕ್ಕೆ ಹೇಳಿ ಮಾಡಿಸಿದ್ದು. ಬಾಗುತ್ತದೆ, ಬೇಗ ಒಡೆಯುವುದಿಲ್ಲ. ಸ್ಪರ್‌ಗೂ ಕವರಿಗೂ ನಡುವೆ ಎರಡು ಮೂರು ಮಿಲಿಮೀಟರ್ ಬಿಡಿ. ಕಾರು ಪಲ್ಟಿಯಾಗಿ ಬಾಡಿ ಒತ್ತಿದಾಗ ಕವರು ಗೇರಿಗೆ ತಾಗಬಾರದು. ಚಾಸಿ ತಳದ ಕಿಂಡಿಗೆ ಫೈಬರ್ ಎಳೆ ಇರುವ ಗಟ್ಟಿ ಪ್ಯಾಕಿಂಗ್ ಟೇಪ್ ಸಾಕು. ನೆಲಕ್ಕೆ ಉಜ್ಜಿ ಹರಿದರೆ ಹೊಸದು ಅಂಟಿಸಿದರಾಯಿತು. ಒಂದು ಎಚ್ಚರಿಕೆ ಮಾತ್ರ ಇದೆ: ಮೋಟಾರನ್ನು ಇದರೊಳಗೆ ಸೇರಿಸಿ ಮುಚ್ಚಬೇಡಿ. ಅದಕ್ಕೆ ಗಾಳಿ ಬೇಕು. ಬಿಸಿ ಹೆಚ್ಚಾದರೆ ಕಲ್ಲಿಗಿಂತ ದುಬಾರಿ ಪೆಟ್ಟು ಬೀಳುತ್ತದೆ.

ಚಕ್ರಕ್ಕೆ ಶಕ್ತಿ ಸಾಗಿಸಲು ಹಲ್ಲಿನ ಬೆಲ್ಟ್ ಇರುವ ಕಾರುಗಳ ಕಷ್ಟ ಇನ್ನೂ ದೊಡ್ಡದು. ಬೆಲ್ಟಿಗೂ ಪುಲ್ಲಿಗೂ ನಡುವೆ ಕಲ್ಲು ಹೊಕ್ಕರೆ ಬೆಲ್ಟ್ ಮೇಲಕ್ಕೆದ್ದು ಹಲ್ಲು ತಪ್ಪುತ್ತದೆ, ಅಥವಾ ಹರಿಯುತ್ತದೆ. ಕಾರ್ಪೆಟ್ಟು, ಗುಡಿಸಿದ ಟ್ರ್ಯಾಕುಗಳಿಗೆ ಮಾಡಿದ ತೆರೆದ ಬೆಲ್ಟಿನ ಕಾರನ್ನು ಜಲ್ಲಿ ರಸ್ತೆಗೆ ಇಳಿಸುವುದು ಸರಿಯಲ್ಲ. ತಮಿಯಾ ಕಂಪನಿಯ ಎಕ್ಸ್‌ವಿ-01 ರ್‍ಯಾಲಿ ಚಾಸಿಯಲ್ಲಿ ಬೆಲ್ಟ್ ಇದ್ದರೂ ಅದನ್ನು ಪೂರ್ತಿ ಮುಚ್ಚಿದ್ದಾರೆ. ಕಚ್ಚಾ ರಸ್ತೆಗೆ ಬೆಲ್ಟ್ ಬೇಕೆಂದರೆ ಹೀಗೆ ಮಾಡಿರಬೇಕು.

ಗ್ರೀಸಿನ ಬಗ್ಗೆಯೂ ಒಂದು ಮಾತು. ಮುಚ್ಚಿದ ಡಿಫರೆನ್ಷಿಯಲ್ಲಿಗೆ (ಎರಡು ಪಕ್ಕದ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ಗ್ರೀಸು, ಎಣ್ಣೆ ಬೇಕು. ತೆರೆದ ಸ್ಪರ್‌ಗೆ ಬೇಡ. ಹಚ್ಚಿದರೆ ಬಂದ ಧೂಳೆಲ್ಲ ಅಲ್ಲೇ ಅಂಟುತ್ತದೆ.

ಓಡುವಾಗ ಟಿಕ್ ಟಿಕ್ ಸದ್ದು ಕೇಳಿದರೆ ಆಕ್ಸಿಲರೇಟರ್ ತಕ್ಷಣ ಬಿಡಿ. ಜೋರಾಗಿ ಓಡಿಸಿದರೆ ಕಲ್ಲು ತಾನೇ ಹಾರಿಹೋಗುತ್ತದೆ ಅಂತ ಸುಮ್ನೆ ಪ್ರಯತ್ನಿಸಬೇಡಿ. ಬ್ಯಾಟರಿ ಕಳಚಿ, ಕವರು ತೆಗೆದು, ಗೇರನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ. ಕಲ್ಲು ಬಂದ ದಾರಿಯಲ್ಲೇ ಹೊರಬರುತ್ತದೆ. ಹಲ್ಲುಗಳ ಸಂದನ್ನು ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ. ಸ್ಪರ್ ಪೂರ್ತಿ ಒಂದು ಸುತ್ತು ತಿರುಗಿಸಿ ಒಂದೊಂದು ಹಲ್ಲನ್ನೂ ನೋಡಿ. ಮೋಟಾರಿನ ಸ್ಕ್ರೂ ಸಡಿಲವಾಗಿದ್ದರೆ ಎರಡು ಗೇರ್‌ಗಳ ನಡುವೆ ತೆಳು ಕಾಗದದ ಪಟ್ಟಿ ಇಟ್ಟು, ಮೋಟಾರನ್ನು ಒತ್ತಿ ಹಿಡಿದು ಬಿಗಿ ಮಾಡಿ. ಕಾಗದ ತೆಗೆದ ಮೇಲೆ ಕೂದಲೆಳೆಯಷ್ಟು ಆಟ ಉಳಿದಿರಬೇಕು. ಆಮೇಲೆ ಕವರು ಹಾಕಿ ಓಡಿಸಿ.