ಕರೆ ನಡುವೆ ಫೋನ್ ಇಟ್ಟರೆ ಮುಂದೇನು?

"ಇದಕ್ಕೆ 1 ಒತ್ತಿ, ಅದಕ್ಕೆ 2 ಒತ್ತಿ" ಎನ್ನುವ ಹೊಸ ಐವಿಆರ್ ದನಿ ಸೇವೆಯ ಫ್ಲೋ (ಒಂದೊಂದು ಹೆಜ್ಜೆಗೆ ಒಂದೊಂದು ಚೌಕವಿರುವ ನಕ್ಷೆ) ಹಿಡಿದು ಯಾರಾದರೂ ನನ್ನ ಟೇಬಲ್ ಹತ್ತಿರ ಬಂದರೆ, ಅದರ ಒಂದು ಚೌಕದ ಮೇಲೆ ಬೆರಳಿಟ್ಟು ಕೇಳುತ್ತೇನೆ: "ಇಲ್ಲಿ ಫೋನ್ ಇಟ್ಟುಬಿಟ್ಟರೆ?" ಯಾವ ಚೌಕದ ಮೇಲೆ ಬೆರಳಿಟ್ಟರೂ ಉತ್ತರ ಸಿಗಬೇಕು.

ಈ ಅಭ್ಯಾಸಕ್ಕೆ ಕಾರಣವಿದೆ. ತುಂಬಾ ಹಿಂದೆ ಒಂದು ಕಂಪನಿಗೆ ಬ್ಯಾಲೆನ್ಸ್ ತಿಳಿಸುವ ಸೇವೆ ಮಾಡಿದ್ದೆವು. ಪರದೆಯ ಮೇಲೆ ಚೌಕಗಳನ್ನು ಎಳೆದು, ಗೆರೆಯಿಂದ ಜೋಡಿಸುವ ಸಾಧನದಲ್ಲಿ ಕಟ್ಟಿದ್ದು. ಡೆಮೊ ಚೆನ್ನಾಗಿ ಆಯಿತು. ಜನರಿಗೆ ಬಿಟ್ಟ ದಿನ ಮಧ್ಯಾಹ್ನದ ಹೊತ್ತಿಗೆ ಯಾರು ಕರೆ ಮಾಡಿದರೂ ಬ್ಯುಸಿ. ಬ್ಯಾಲೆನ್ಸ್ ಕೇಳಿಸಿದ ಕೂಡಲೇ ಜನ ಫೋನ್ ಇಡುತ್ತಿದ್ದರು. ಸೆಷನ್ ಮುಚ್ಚಿ ಲೈನ್ ಬಿಡಿಸುವ ಚೌಕವನ್ನು ನಾವು "ಧನ್ಯವಾದಗಳು" ಆದಮೇಲೆ ಇಟ್ಟಿದ್ದೆವು. ಅಲ್ಲಿವರೆಗೆ ಯಾರೂ ಬರಲಿಲ್ಲ. ಸತ್ತ ಸೆಷನ್‌ಗಳೇ ಎಲ್ಲ ಲೈನ್‌ಗಳನ್ನೂ ಹಿಡಿದುಕೊಂಡು ಕೂತವು.

ಚೌಕ ಜೋಡಿಸುವ ಸಾಧನಗಳು ಕೆಟ್ಟವಲ್ಲ. ಅವು ಬರುವ ಮುಂಚೆ ಹೊಸ ಸೇವೆ ಅಂದರೆ ಒಂದೊಂದು ಟೆಲಿಫೋನ್ ಎಕ್ಸ್‌ಚೇಂಜ್‌ನ ಸಾಫ್ಟ್‌ವೇರ್ ಬದಲಿಸಬೇಕಿತ್ತು. 1990ರ ದಶಕದಲ್ಲಿ ಇಂಟೆಲಿಜೆಂಟ್ ನೆಟ್‌ವರ್ಕ್ ಹರಡಿದಾಗ ಕೆಲಸ ಹಗುರಾಯಿತು. ನೀವು 1800 ನಂಬರ್ ಒತ್ತಿದರೆ ಎಕ್ಸ್‌ಚೇಂಜ್ ಅರೆಕ್ಷಣ ನಿಂತು, ಒಂದು ಕೇಂದ್ರ ಕಂಪ್ಯೂಟರನ್ನು "ಈ ಕರೆ ಎಲ್ಲಿಗೆ?" ಎಂದು ಕೇಳುತ್ತದೆ. ಸೇವೆಯ ಬುದ್ಧಿ ಎಲ್ಲ ಆ ಕಂಪ್ಯೂಟರ್‌ನಲ್ಲಿ. ನಂಬರ್ ಬದಲಿಸು, ದನಿ ಕೇಳಿಸು, ದುಡ್ಡು ಲೆಕ್ಕ ಹಾಕು ಎಂಬ ಸಿದ್ಧ ಚೌಕಗಳಿಂದ ಸೇವೆ ಕಟ್ಟಬಹುದಾಯಿತು. ಆದರೆ ಎಲ್ಲವೂ ಸರಿಯಾಗಿ ನಡೆಯುವ ದಾರಿಯನ್ನು ಬರೆಯುವುದು ಇಂಥ ಪರದೆಯಲ್ಲಿ ತುಂಬಾ ಸುಲಭ. ಉಳಿದ ದಾರಿಗಳು ಮರೆತೇಹೋಗುತ್ತವೆ.

ಅದಕ್ಕೇ ಹೊಸಬರಿಗೆ ನಾನು ಆಸ್ಟರಿಸ್ಕ್‌ನಿಂದ ಶುರು ಮಾಡಿ ಅನ್ನುತ್ತೇನೆ. ಮಾರ್ಕ್ ಸ್ಪೆನ್ಸರ್ 1999ರಲ್ಲಿ ಶುರು ಮಾಡಿದ, ಕಂಪ್ಯೂಟರನ್ನೇ ಪುಟ್ಟ ಟೆಲಿಫೋನ್ ಎಕ್ಸ್‌ಚೇಂಜ್ ಮಾಡುವ ಈ ಸಾಫ್ಟ್‌ವೇರ್ ಉಚಿತ, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಕರೆ ಬಂದರೆ ಏನು ಮಾಡಬೇಕು ಎಂದು ಬರೆಯುವ ಅದರ ಡಯಲ್‌ಪ್ಲಾನ್‌ನಲ್ಲಿ ಮೂರು ವಿಶೇಷ ಅಕ್ಷರಗಳಿವೆ. 'ಎಚ್' ಅಂದರೆ ಕರೆ ಕಟ್ ಆಯಿತು. 'ಟಿ' ಅಂದರೆ ಹೊತ್ತು ಮೀರಿದರೂ ಏನೂ ಒತ್ತಲಿಲ್ಲ. 'ಐ' ಅಂದರೆ ಇಲ್ಲದ ಅಂಕಿ ಒತ್ತಿದರು. ಈ ಮೂರನ್ನು ಮೊದಲು ಬರೆಯಿರಿ, ಮೆನು ಆಮೇಲೆ. ಬರೆದದ್ದನ್ನು ಸಿಪ್‌ಪಿ ಎಂಬ ಸಾಧನದಿಂದ ಪರೀಕ್ಷಿಸಿ. ಸೆಕೆಂಡಿಗೆ ಹತ್ತು ಕರೆ ಕಳಿಸು, ಮೂರನೇ ಸೆಕೆಂಡಿಗೆ ಕಟ್ ಮಾಡು ಎಂದು ಅದಕ್ಕೆ ಹೇಳಬಹುದು. ವೈರ್‌ಶಾರ್ಕ್ ತೆರೆದರೆ ಯಾರು ಯಾರಿಗೆ ಯಾವ ಸಂದೇಶ ಕಳಿಸಿದರು ಅಂತ ಗೆರೆ ಗೆರೆಯಾಗಿ ಕಾಣುತ್ತದೆ. ಅವತ್ತು ನಮ್ಮ ಹತ್ತಿರ ಇಂಥ ಹತ್ತು ನಿಮಿಷದ ಪರೀಕ್ಷೆ ಇದ್ದಿದ್ದರೆ ಸಾಕಿತ್ತು.

ಡೆಮೊದಲ್ಲಿ ಕಾಣದ ಇನ್ನೊಂದು ವಿಷಯ ನಮ್ಮ ಭಾಷೆಯದು. ಮೊತ್ತ ಹೇಳುವಾಗ ಸಾಧನಗಳು ಅಂಕಿಗಳ ದನಿಯನ್ನು ಒಂದಕ್ಕೊಂದು ಅಂಟಿಸುತ್ತವೆ. ಇಂಗ್ಲಿಷಿನಲ್ಲಿ ಟ್ವೆಂಟಿ, ಫೈವ್ ಸೇರಿಸಿದರೆ ಆಯಿತು. ಕನ್ನಡದಲ್ಲಿ "ಇಪ್ಪತ್ತು ಐದು" ಅಂದರೆ ಕೇಳುವವರಿಗೆ ಕಿರಿಕಿರಿ, ಅಲ್ವಾ? ಅದು ಇಪ್ಪತ್ತೈದು. ಹಾಗೇ 200 ಇನ್ನೂರು, ಆದರೆ 225 ಇನ್ನೂರ ಇಪ್ಪತ್ತೈದು. ಹಾಗಾಗಿ 1ರಿಂದ 99ರವರೆಗೆ ಒಂದೊಂದನ್ನೂ ಬೇರೆಯಾಗಿ ರೆಕಾರ್ಡ್ ಮಾಡಿಸುತ್ತೇನೆ. 100ರಿಂದ 900ರವರೆಗೆ ಎರಡೆರಡು ರೂಪ: ನೂರು, ನೂರ, ಇನ್ನೂರು, ಇನ್ನೂರ. ಸಾವಿರ, ಸಾವಿರದ ಕೂಡ ಬೇಕು. ಸ್ಟುಡಿಯೋ ಖರ್ಚು ಜಾಸ್ತಿ ಅಂತ ಯಾರಾದರೂ ಗೊಣಗಿದರೆ ನಾನು ಬಗ್ಗುವುದಿಲ್ಲ. ತಮ್ಮ ದುಡ್ಡಿನ ಲೆಕ್ಕ ಜನರಿಗೆ ಒಂದೇ ಸಲಕ್ಕೆ ಅರ್ಥವಾಗಬೇಕು.

ಈಗ ಕೆಲಸ ಎಪಿಐ ಕಡೆಗೆ, ಅಂದರೆ ಒಂದು ಸಾಫ್ಟ್‌ವೇರ್ ಇನ್ನೊಂದನ್ನು ನೇರವಾಗಿ ಕೇಳುವ ದಾರಿಯ ಕಡೆಗೆ ಹೊರಳಿದೆ. 2023ರಲ್ಲಿ ಮೊಬೈಲ್ ಕಂಪನಿಗಳ ಒಕ್ಕೂಟ ಜಿಎಸ್‌ಎಂಎಯ ಓಪನ್ ಗೇಟ್‌ವೇ ಯೋಜನೆ ಶುರುವಾದಮೇಲೆ ಇದು ಇನ್ನೂ ಚುರುಕಾಗಿದೆ. ಉದಾಹರಣೆಗೆ, ಹಣ ಕಳಿಸುವ ಮುಂಚೆ ಬ್ಯಾಂಕಿನ ಆ್ಯಪ್ "ಈ ನಂಬರಿನ ಸಿಮ್ ಇತ್ತೀಚೆಗೆ ಬದಲಾಗಿದೆಯಾ?" ಎಂದು ನೆಟ್‌ವರ್ಕನ್ನೇ ಕೇಳಬಹುದು. ಹೌದು, ಇಲ್ಲ ಎರಡಕ್ಕೂ ಎಲ್ಲರೂ ಕೋಡ್ ಬರೆದಿರುತ್ತಾರೆ. ಉತ್ತರವೇ ಬರದಿದ್ದರೆ? ಸುಮ್ನೆ ಹಣ ಹೋಗಲು ಬಿಡಬೇಡಿ. ತಡೆದು ನಿಲ್ಲಿಸಿ, ಗ್ರಾಹಕರಿಗೆ ಕಾರಣ ತಿಳಿಸಿ, ಬೇರೆ ದಾರಿಯಲ್ಲಿ ಖಚಿತಪಡಿಸಿಕೊಳ್ಳಿ.